ತಪ್ಪಿನ ಜೊತೆ ನಡೆಯುತ್ತಿದ್ದ ಅಂಗಡಿ ಸರ್

ಸರಿಯಾದ ಉತ್ತರದ ಮೇಲೆ ಅಂಗಡಿ ಸರ್ ಸುಮ್ಮನೆ ಕಣ್ಣಾಡಿಸಿ ಮುಂದಕ್ಕೆ ಹೋಗುತ್ತಿದ್ದರು. ತಪ್ಪು ಉತ್ತರ ಸಿಕ್ಕಿತೆಂದರೆ ಮಾತ್ರ ಕನ್ನಡಕ ಒರೆಸಿಕೊಂಡು, ಕುರ್ಚಿಯನ್ನು ಮೇಜಿಗೆ ಎಳೆದುಕೊಂಡು, ಚಹಾ ಬಂದರೂ ತಿರುಗಿ ನೋಡದೆ ಕೂತುಬಿಡುತ್ತಿದ್ದರು. ವಡೋದರಾದ ನಮ್ಮ ಎಂಜಿನಿಯರಿಂಗ್ ಕಾಲೇಜಿನ ಎಲೆಕ್ಟ್ರಿಕಲ್ ವಿಭಾಗದಲ್ಲಿ ಆರಿದ ಚಹಾದ ಕಪ್ಪು ಕಂಡರೆ, ಯಾವುದೋ ಹುಡುಗ ಪರೀಕ್ಷೆಯಲ್ಲಿ ಎಡವಿದ್ದಾನೆ, ಸರ್ ಅವನನ್ನು ಎತ್ತುತ್ತಿದ್ದಾರೆ ಎಂದು ನಾವು ನಗುತ್ತಿದ್ದೆವು.

ವಿದ್ಯುತ್ ಜಾಲದಲ್ಲಿ ಶಾರ್ಟ್ ಸರ್ಕ್ಯೂಟ್ ಆದರೆ ಎಷ್ಟು ಕರೆಂಟ್ ಹರಿಯುತ್ತದೆ ಎನ್ನುವ ಲೆಕ್ಕ ಪವರ್ ಸಿಸ್ಟಮ್ಸ್ ಪೇಪರಿನಲ್ಲಿ ತಪ್ಪದೆ ಬರುತ್ತದೆ. ಮೊದಲ ಸಾಲಿನಲ್ಲಿ ಟ್ರಾನ್ಸ್‌ಫಾರ್ಮರಿನ ಒಂದು ಅಂಕಿ ತಪ್ಪಾಗಿ ಇಟ್ಟುಕೊಂಡರೆ ಕೊನೆಯವರೆಗೂ ಎಲ್ಲ ಅಂಕಿಗಳೂ ತಪ್ಪೇ. ನಾವೆಲ್ಲ ಮೊದಲ ಸಾಲು ನೋಡಿ, ಕೊನೆಯ ಸಾಲು ನೋಡಿ, ಕೆಂಪು ಗೀರೆಳೆದು ಕೈತೊಳೆದುಕೊಳ್ಳುವವರು. ಸರ್ ಹಾಗಲ್ಲ. ಆ ಹುಡುಗನ ತಪ್ಪು ಅಂಕಿಯನ್ನೇ ತಾವೂ ಇಟ್ಟುಕೊಂಡು, ಹಳೆಯ ಕ್ಯಾಲೆಂಡರ್ ಹಾಳೆಯ ಹಿಂಬದಿಯಲ್ಲಿ ಇಡೀ ಲೆಕ್ಕವನ್ನು ಹೊಸದಾಗಿ ಮಾಡುತ್ತಿದ್ದರು. ಹುಡುಗನ ಮಿಕ್ಕ ಸಾಲುಗಳು ಅದಕ್ಕೆ ತಾಳೆಯಾದರೆ ಒಂದೇ ಅಂಕ ಕಳೆದು ಉಳಿದದ್ದನ್ನು ಕೊಡುತ್ತಿದ್ದರು.

"ಒಂದು ತಪ್ಪಿಗೆ ಒಮ್ಮೆ ಬಡೀಬೇಕು ತಂಗಿ," ಎನ್ನುತ್ತಿದ್ದರು. "ಸಾಲಸಾಲಿಗೂ ಬಡದ್ರ ಅದು ಪರೀಕ್ಷಾ ಅಲ್ಲ, ಜಗಳ."

ಸರ್ ಬಾಗಲಕೋಟೆ ಕಡೆಯವರು. ಓದಲು ಬಂದವರು ಇಲ್ಲೇ ಮೇಷ್ಟ್ರಾಗಿ, ಇಲ್ಲಿ ಗಣಿತ ಕಲಿಸುತ್ತಿದ್ದ ನಯನಾಬೆನ್ ಅವರನ್ನು ಮದುವೆಯಾಗಿ ವಡೋದರಾದವರೇ ಆಗಿಬಿಟ್ಟಿದ್ದರು. ಗುಜರಾತಿ ಹುಡುಗರ ಬಾಯಲ್ಲಿ ಅಂಗಡಿ ಎಂಬ ಅವರ ಮನೆತನದ ಹೆಸರು ಆಂಗಡಿಯಾ ಸಾಹೇಬ್ ಆಗಿತ್ತು. ಅಲ್ಲಿ ಆಂಗಡಿಯಾ ಎಂದರೆ ವಜ್ರ, ನಗದು ಕೈಯಲ್ಲೇ ಒಯ್ದು ಊರಿಂದೂರಿಗೆ ಮುಟ್ಟಿಸುವ ನಂಬಿಗಸ್ತ. ಸರ್ ಅದನ್ನು ಎಂದೂ ತಿದ್ದಲಿಲ್ಲ, ಒಳ್ಳೆಯ ಕೆಲಸವೇ ಅಲ್ಲವೇ ಎಂದು ಸುಮ್ಮನಿದ್ದರು.

ನಾನು ಮೈಸೂರಿನವಳು. ಗಂಡನಿಗೆ ಬ್ಯಾಂಕಿನ ವರ್ಗವಾಗಿ ವಡೋದರಾಕ್ಕೆ ಬಂದು, ಅದೇ ವಿಭಾಗದಲ್ಲಿ ಪಾಠ ಹೇಳುವ ಕೆಲಸಕ್ಕೆ ಸೇರಿದ್ದೆ. ಒಂದು ದಿನ ಸ್ಟಾಫ್ ರೂಮಿನಲ್ಲಿ ಅಮ್ಮನ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದಾಗ ಹಿಂದಿನಿಂದ ಒಂದು ದನಿ ಕೇಳಿತು. "ಎಷ್ಟು ಮೆತ್ತಗ ಮಾತಾಡ್ತೀಯವಾ. ನಿಮ್ಮ ಕಡೆ ಕನ್ನಡಕ್ಕೂ ತುಪ್ಪ ಹಾಕ್ತಾರೇನು?" ಅಂದಿನಿಂದ ನಾನು ಅವರಿಗೆ ತಂಗಿ. ಊಟದ ಹೊತ್ತಿಗೆ ನನ್ನ ಡಬ್ಬಿಯ ಬಿಸಿಬೇಳೆ ಬಾತಿಗೆ "ಇದು ಅನ್ನಾನೋ ಸಾರೋ, ಒಂದು ತೀರ್ಮಾನಕ್ಕ ಬರ್ರಿ" ಎಂದು ಛೇಡಿಸಿ, ಅರ್ಧ ತಾವೇ ಖಾಲಿ ಮಾಡುತ್ತಿದ್ದರು. ಇಡೀ ದಿನ ಹಿಂದಿ, ಇಂಗ್ಲಿಷು, ಗುಜರಾತಿಗಳಲ್ಲಿ ಬದುಕುವ ಮನುಷ್ಯ ಆ ಅರ್ಧ ಗಂಟೆಗಾಗಿ ಕಾಯುತ್ತಿದ್ದರೆಂದು ನನಗೆ ಆಮೇಲೆ ತಿಳಿಯಿತು. ಮನೆಯಲ್ಲಿ ಅವರ ಕನ್ನಡಕ್ಕೆ ಕಿವಿಯಿರಲಿಲ್ಲ. ಮಗಳು ಹೇತಲ್ ತಾಯಿಯ ಗುಜರಾತಿಯಲ್ಲೇ ಬೆಳೆದವಳು.

"ಕಲಸಬೇಕಂತ ಭಾಳ ಇತ್ತವಾ," ಎಂದು ಒಮ್ಮೆ ಹೇಳಿದ್ದರು. "ಇವತ್ತು ನಾಳೆ ಅಂತ ಹ್ವಾತು. ನೋಡ್ತೀನಿ, ಹುಡುಗಿ ಕೆಲಸಕ್ಕ ಹೊಂಟಿತ್ತು."

ಲಾಕ್‌ಡೌನಿನಲ್ಲಿ ಪರೀಕ್ಷೆಗಳೆಲ್ಲ ಆನ್‌ಲೈನ್ ಆದಾಗ ನಮ್ಮ ವಿಭಾಗದಲ್ಲಿ ಗೋಳಾಟವೋ ಗೋಳಾಟ. ಹುಡುಗ ಕಣ್ಣು ಅತ್ತಿತ್ತ ಹೊರಳಿಸಿದರೆ ಸಾಕು, ಸಾಫ್ಟ್‌ವೇರ್ ಅವನನ್ನು ಕಳ್ಳನ ಸಾಲಿಗೆ ಸೇರಿಸುತ್ತಿತ್ತು. ಸರ್ ಮಾತ್ರ ಅದರಲ್ಲೂ ಮಜಾ ಕಂಡುಕೊಂಡರು. ಸೂರತ್‌ನ ಒಬ್ಬ ಹುಡುಗ ಸಂಜೆಯ ವೈವಾದ, ಅಂದರೆ ಮೌಖಿಕ ಪರೀಕ್ಷೆಯ, ನಡುವೆ ಪರದೆಯಿಂದ ಮಾಯವಾದ. ಹೊರಗಿನ ಪರೀಕ್ಷಕರು ಗೈರುಹಾಜರಿ ಹಾಕಿಯೇಬಿಟ್ಟಿದ್ದರು. ಅಷ್ಟರಲ್ಲಿ ಫೋನಿನಿಂದ ಮತ್ತೆ ಬಂದು, ಅಳುಮುಖ ಮಾಡಿಕೊಂಡು, "ಲೈಟ್ ಹೋಯ್ತು ಸರ್" ಎಂದ.

ಸರ್ ತಮ್ಮ ಬಾಗಲಕೋಟೆ ಹಿಂದಿಯಲ್ಲಿ ಕೇಳಿದರು. "ಯಾರ ಲೈಟು? ನಿನ್ನದೋ, ಓಣಿದೋ?"

ಹುಡುಗ ಬಾಲ್ಕನಿಗೆ ಓಡಿ ನೋಡಿಬಂದ. ತಮ್ಮ ಮನೆ ಕತ್ತಲು, ಪಕ್ಕದ ಎರಡು ಮನೆಗಳಲ್ಲಿ ಇದೆ, ಅದರಾಚೆಯದು ಮತ್ತೆ ಕತ್ತಲು ಎಂದ.

"ಯಾಕ ಹಂಗ?"

ಹುಡುಗನ ಮುಖ ನಿಧಾನಕ್ಕೆ ಅರಳಿತು. ಮೂರು ಫೇಸ್‌ಗಳಲ್ಲಿ ಒಂದರ ಫ್ಯೂಸ್ ಹೋಗಿದೆ, ಆ ಫೇಸಿಗೆ ಸೇರಿದ ಮನೆಗಳಷ್ಟೇ ಕತ್ತಲಾಗಿವೆ ಎಂದು, ಟ್ರಾನ್ಸ್‌ಫಾರ್ಮರಿನಿಂದ ಹಿಡಿದು ತಮ್ಮ ಮೀಟರಿನವರೆಗೆ ಪಟಪಟ ಹೇಳಿಕೊಂಡು ಬಂದ. ಸರ್ ಹೊರಗಿನ ಪರೀಕ್ಷಕರಿಗೆ ಕೈಮುಗಿದು, ವೈವಾ ಮುಗಿಯಿತು, ಇವನಿಗೆ ಪೂರ್ತಿ ಅಂಕ ಎಂದರು. ಮ್ಯೂಟ್ ಮಾಡುವುದನ್ನು ಮರೆತು ನನಗೆ ಕನ್ನಡದಲ್ಲಿ, "ಈ ಮಷಿನ್ನಿಗೆ ಕಣ್ಣು ಹೊರಳಿದ್ದು ಕಾಣತೈತಿ, ತಲಿ ಓಡಿದ್ದು ಕಾಣೂದಿಲ್ಲ ನೋಡು" ಎಂದದ್ದು ಎಲ್ಲರಿಗೂ ಕೇಳಿತು. ಯಾರಿಗೂ ಅರ್ಥವಾಗದ್ದರಿಂದ ಬಚಾವಾದೆವು.

ಆ ಹೊತ್ತಿಗೆ ನಯನಾಬೆನ್ ತೀರಿಕೊಂಡಿದ್ದರು. ಸರ್ ನಿವೃತ್ತರಾದ ಮೇಲೂ ಮನೆಯಲ್ಲಿ ಕೂತು ಉತ್ತರ ಪತ್ರಿಕೆ ತಿದ್ದುವ ಕೆಲಸವನ್ನು ಬಿಡಲಿಲ್ಲ. ಈಗ ಪತ್ರಿಕೆಗಳನ್ನು ಸ್ಕ್ಯಾನ್ ಮಾಡಿ ಕಂಪ್ಯೂಟರಿಗೆ ಕಳಿಸುತ್ತಾರೆ, ಪರದೆಯ ಮೇಲೆಯೇ ಅಂಕ ಹಾಕಬೇಕು. ಅದರಲ್ಲೊಂದು ಕಿತಾಪತಿ ಇದೆ. ಪರೀಕ್ಷಕರ ಕೈ ಒಂದೇ ಸಮ ಇದೆಯೇ ಎಂದು ನೋಡಲು, ಒಮ್ಮೆ ತಿದ್ದಿದ ಪತ್ರಿಕೆಯನ್ನೇ ಕೆಲವು ದಿನ ಬಿಟ್ಟು, ಹೇಳದೆ ಕೇಳದೆ, ಕಂಪ್ಯೂಟರು ಮತ್ತೆ ಅವರ ಮುಂದೆ ತಂದಿಡುತ್ತದೆ. ಬೇರೆ ಪರೀಕ್ಷಕರಿಗೆ ಅದು ಗೊತ್ತಾಗುತ್ತಿರಲಿಲ್ಲ. ಸರ್ ಮಾತ್ರ ಪ್ರತಿ ಸಲ ಹಿಡಿದು, "ಈ ಹುಡುಗನ ಮನಿಗೆ ನಾ ಹೋಗಿ ಬಂದೀನಿ, ಮತ್ತ ಯಾಕ ಕರದ್ರಿ?" ಎಂದು ನನಗೆ ಫೋನ್ ಮಾಡಿ ನಗುತ್ತಿದ್ದರು. ನಾನು ಅಷ್ಟರಲ್ಲಿ ಅಹಮದಾಬಾದಿಗೆ ಬಂದು, ಈ ಮೌಲ್ಯಮಾಪನವನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದೆ.

ಒಂದು ಬೇಸಿಗೆಯಲ್ಲಿ ನನ್ನ ಪರದೆಯ ಮೇಲೆ ಸರ್ ಹೆಸರು ಕೆಂಪಾಗಿ ಬಂತು. ಒಂದೇ ಪತ್ರಿಕೆ, ಎರಡು ಸಲ ತಿದ್ದಿದ್ದಾರೆ, ಎರಡಕ್ಕೂ ಅಜಗಜಾಂತರ. ತೆರೆದು ನೋಡಿದೆ. ಅದೇ ಶಾರ್ಟ್ ಸರ್ಕ್ಯೂಟಿನ ಲೆಕ್ಕ, ಮೊದಲ ಸಾಲಿನಲ್ಲೇ ತಪ್ಪು. ಮೊದಲ ಸಲ ಸರ್ ಸಾಲಸಾಲಿಗೂ ಗೀರೆಳೆದು ಸೊನ್ನೆ ಕೊಟ್ಟಿದ್ದರು. ಎರಡನೇ ಸಲ ಆ ತಪ್ಪನ್ನು ಕಾಣದೆ ಪೂರ್ತಿ ಅಂಕ ಕೊಟ್ಟಿದ್ದರು. ನೆಟ್‌ವರ್ಕ್ ಕೆಟ್ಟಿರಬೇಕು, ಬೇರೆ ಯಾರೋ ಅವರ ಪಾಸ್‌ವರ್ಡಿನಿಂದ ಒಳಗೆ ಬಂದಿರಬೇಕು ಎಂದು ಏನೇನೋ ಹೇಳಿಕೊಂಡೆ. ಅಂಕ ಒಂದೆರಡು ಹೆಚ್ಚುಕಮ್ಮಿಯಾಗಿದ್ದರೆ ದಣಿವು ಎಂದುಕೊಳ್ಳಬಹುದಿತ್ತು. ಆದರೆ ಸಾಲಸಾಲಿಗೂ ಗೀರೆಳೆಯುವ ಅಂಗಡಿ ಸರ್ ಅನ್ನು ನಾನು ಕಂಡಿರಲಿಲ್ಲ.

ಮರುದಿನ ಬೆಳಗಿನ ರೈಲಿಗೆ ವಡೋದರಾಕ್ಕೆ ಹೋದೆ. ಹೇಗೆ ಹೇಳಲಿ ಎಂದು ದಾರಿಯುದ್ದಕ್ಕೂ ಯೋಚಿಸಿದ್ದೆ, ಅವರು ಹೇಳಲು ಬಿಡಲಿಲ್ಲ. "ಯಾವ ಪೇಪರ್, ತೋರಸು," ಎಂದರು. ಲ್ಯಾಪ್‌ಟಾಪಿನಲ್ಲಿ ಎರಡನ್ನೂ ಅಕ್ಕಪಕ್ಕ ಇಟ್ಟೆ. ಬಹಳ ಹೊತ್ತು ನೋಡಿದರು.

"ಇದನ್ನ ನಾ ನೋಡೇ ಇಲ್ಲಲ್ಲ ತಂಗಿ."

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಎರಡ ಸಲ ನೋಡೀನಿ, ಒಂದ ಸಲಾನೂ ನೆನಪಿಲ್ಲ. ಹೌದಿಲ್ಲೋ?"

"ದಣಿವು ಸರ್. ಬಿಸಿಲು ನೋಡಿ ಎಷ್ಟಿದೆ. ಸ್ವಲ್ಪ ದಿನ ಬಿಟ್ಟು..."

"ಸುಳ್ಳ ಹೇಳಬ್ಯಾಡ. ನಿನಗ ಬರೂದಿಲ್ಲ ಅದು." ಆಮೇಲೆ ಸ್ಟಾಫ್ ರೂಮಿನಲ್ಲಿ ಕೆಲಸ ಹಂಚುವ ದನಿಯಲ್ಲಿ ಹೇಳಿದರು. "ಈ ಸಲ ನಾ ತಿದ್ದಿದ್ದು ಎಲ್ಲಾ ವಾಪಸ್ ತಗೋ. ಒಂದೂ ಬಿಡಬ್ಯಾಡ. ಬ್ಯಾರೆಯವರ ಕಡೆ ತಿದ್ದಸು. ನನ್ನ ಹೆಸರು ಇವತ್ತ ತಗದಹಾಕು. ಆರೋಗ್ಯ ಅದು ಇದು ಅಂತ ಬರೀಬ್ಯಾಡ. ತಿದ್ದೂದು ತಪ್ಪೈತಿ ಅಂತ ಬರಿ."

ನಾನು ಆರೋಗ್ಯ ಎಂದೇ ಬರೆದೆ. ಅವರು ಹೇಳಿದ್ದನ್ನು ಟೈಪ್ ಮಾಡಲು ನನ್ನ ಕೈ ಬರಲಿಲ್ಲ. ನಾನು ಹೊರಟಾಗ ಸರ್ ಬಾಗಿಲವರೆಗೆ ಬಂದು, ಎಂದಿನಂತೆ "ಹುಷಾರಾಗಿ ಹೋಗು" ಎನ್ನುವ ಬದಲು, "ಆ ಹುಡುಗಗ ಒಂದು ಕಡಿಮಿ ಮಾಡಿ ಉಳಿದದ್ದು ಕೊಡಸವಾ, ಅಂವನ ದಾರಿ ಸರಿ ಐತಿ" ಎಂದರು. ಆ ಕ್ಷಣದಲ್ಲಿ ಅವರ ತಲೆ ಎಷ್ಟು ನಿಚ್ಚಳವಾಗಿತ್ತೆಂದರೆ, ಡಾಕ್ಟರು ಬೇರೇನೋ ಹೇಳಿಯಾರು ಎಂದು ನಾನು ಆಸೆಪಟ್ಟೆ.

ಡಾಕ್ಟರು ಬೇರೇನೂ ಹೇಳಲಿಲ್ಲ. ಮರೆವಿನ ಕಾಯಿಲೆ ಬಹಳ ದಿನಗಳಿಂದ ಒಳಗೇ ಕೂತಿತ್ತಂತೆ. ಸೂರತ್ ಪಕ್ಕದ ಹಜೀರಾದ ಕಾರ್ಖಾನೆಯಲ್ಲಿ ಎಂಜಿನಿಯರಾಗಿದ್ದ ಹೇತಲ್ ಅಪ್ಪನನ್ನು ಅಲ್ಲಿಗೆ ಕರೆದುಕೊಂಡು ಹೋಗಿ ಕಂಪನಿಯ ಕಾಲೊನಿಯಲ್ಲಿ ಇಟ್ಟುಕೊಂಡಳು. ಕಾಯಿಲೆ ಅವರ ಭಾಷೆಗಳನ್ನು ಒಂದೊಂದಾಗಿ ಕಿತ್ತುಕೊಂಡಿತು. ಮೊದಲು ಇಂಗ್ಲಿಷ್ ಹೋಯಿತು, ಆಮೇಲೆ ಹಿಂದಿ. ಹೆಂಡತಿಯೊಡನೆ ಇಡೀ ಸಂಸಾರ ಮಾಡಿದ ಗುಜರಾತಿಯೂ ಹೋಯಿತು. ಕನ್ನಡ ಒಂದೇ ಉಳಿಯಿತು, ಅದು ಮಗಳಿಗೆ ಬಾರದ ಭಾಷೆ.

ಹೇತಲ್ ಫೋನ್ ಮಾಡತೊಡಗಿದಳು. ಹಿಂದಿಯಲ್ಲಿ ಅವಸರದಿಂದ, "ಆಂಟಿ, ಪಪ್ಪಾ ಬೆಳಗಿನಿಂದ ಏನೋ ಕೇಳ್ತಿದ್ದಾರೆ, ಸಿಟ್ಟಾಗಿದ್ದಾರೆ. ಕೊಡ್ತೀನಿ, ಸ್ವಲ್ಪ ಕೇಳಿ," ಎನ್ನುತ್ತಿದ್ದಳು. ಸರ್ ಫೋನಿನಲ್ಲಿ, "ಥಂಡಿ ಹತ್ತೇತ್ರಿ, ಕೌದಿ ಕೊಡ್ರಿ ಅಂದ್ರ ಯಾರೂ ಕೇಳವಲ್ಲರು" ಎನ್ನುತ್ತಿದ್ದರು. ನಾನು ಹೇತಲ್‌ಗೆ, ಚಳಿಯಂತೆ, ಗೋದಡಿ ಹೊದಿಸು ಎನ್ನುತ್ತಿದ್ದೆ. ಅಷ್ಟು ಹೊತ್ತು ಚಳಿಯಲ್ಲೇ ಕೂತಿದ್ದರು ಎಂದು ಆ ಹುಡುಗಿ ಫೋನಿನಲ್ಲೇ ಬಿಕ್ಕುತ್ತಿದ್ದಳು. ಬರಬರುತ್ತ ಕೌದಿ, ಥಂಡಿ, ನೋವು, ಸಾಕು ಎಂದು ಮಾತುಗಳನ್ನು ಗುಜರಾತಿ ಅಕ್ಷರದಲ್ಲಿ ಬರೆದು ಅಡಿಗೆಮನೆಯ ಗೋಡೆಗೆ ಅಂಟಿಸಿಕೊಂಡಳು. ಹೆತ್ತ ಅಪ್ಪನ ಮಾತನ್ನು ಮೂವತ್ತು ದಾಟಿದ ಮೇಲೆ ಅಕ್ಷರ ಕೂಡಿಸಿ ಕಲಿಯುವ ಕಷ್ಟ ಯಾವ ಶತ್ರುವಿಗೂ ಬೇಡ. ನನಗೆ ಸರ್ ಮೇಲೆಯೇ ಕೋಪ ಬರುತ್ತಿತ್ತು. ಊರ ಹುಡುಗರಿಗೆಲ್ಲ ಕಲಿಸಿದಿರಲ್ಲ, ಇವಳಿಗೆ ದಿನಕ್ಕೊಂದು ಮಾತು ಹೇಳಿಕೊಡಲು ಆಗಲಿಲ್ಲವೇ ಎಂದು ಅವರನ್ನೇ ಹಿಡಿದು ಕೇಳಬೇಕೆನಿಸುತ್ತಿತ್ತು. ಕೇಳಿದರೆ ಉತ್ತರಿಸುವ ಸರ್ ಎಲ್ಲಿದ್ದರು?

ಕಳೆದ ನವರಾತ್ರಿ ಮುಗಿದ ಮೇಲೆ ಸರ್ ತೀರಿಕೊಂಡರು. ಅದಕ್ಕೆ ಸ್ವಲ್ಪ ದಿನ ಮುಂಚೆ ನಾನು ಹಜೀರಾಕ್ಕೆ ಹೋಗಿದ್ದೆ. ಅದೇ ಕೊನೆಯ ಭೇಟಿ.

ಮಧ್ಯಾಹ್ನದ ಹೊತ್ತು. ಸರ್ ಬಿಳಿ ಪೈಜಾಮ ತೊಟ್ಟು ಜೋಕಾಲಿಯ ಮೇಲೆ ಕೂತಿದ್ದರು. ಬಹಳ ಇಳಿದುಹೋಗಿದ್ದರು. ಹೇತಲ್ ಪಕ್ಕದಲ್ಲಿ ಸ್ಟೂಲ್ ಹಾಕಿಕೊಂಡು ಖಿಚಡಿಗೆ ಮಜ್ಜಿಗೆಯ ಕಢಿ ಕಲಸಿ ತುತ್ತು ಇಡುತ್ತಿದ್ದಳು. "ಹೇಗಿದ್ದೀರಿ ಸರ್?" ಎಂದೆ. ನನ್ನನ್ನು ಗುರುತು ಹಿಡಿಯಲಿಲ್ಲ. ಆದರೆ ಕನ್ನಡ ಕೇಳಿದ್ದೇ ಮುಖ ಬೆಳಗಿತು. "ನಮ್ಮ ಕಡೆಯವ್ರು ಬಂದ್ರೇನ್ರಿ. ಬರ್ರಿ, ಕೂಡ್ರಿ," ಎಂದು ಜೋಕಾಲಿಯಲ್ಲಿ ಸರಿದು ಜಾಗ ಮಾಡಿದರು. ತಂಗಿ ಎಂದು ಕರೆಯುತ್ತಿದ್ದವರು ಈಗ ಬಹುವಚನದಲ್ಲಿ ಮಾತಾಡಿಸಿದ್ದರು. ಹೋಗಿ ಪಕ್ಕದಲ್ಲಿ ಕೂತೆ.

ಸ್ವಲ್ಪ ಹೊತ್ತಿಗೆ ನನ್ನ ಕಡೆ ಬಾಗಿ, ದನಿ ತಗ್ಗಿಸಿ ಹೇಳಿದರು. "ಈ ಹುಡುಗಿ ನೋಡ್ರಿ, ಭಾಳ ಛಲೋ ಹುಡುಗಿ. ಯಾರ ಮಗಳೋ ಏನೋ. ಮುಂಜಾನಿಂದ ನನ್ನ ಸಲುವಾಗಿ ಓಡ್ಯಾಡತಾಳ. ಒಮ್ಮೆನೂ ಮಾರಿ ಗಂಟ ಹಾಕಿಲ್ಲ. ಆಕಿ ಅಪ್ಪ ಸಿಕ್ಕರ ಹೇಳ್ರಿ, ಪುಣ್ಯಾ ಮಾಡೀಯಪಾ ಅಂತ."

ಹೇತಲ್ ತುತ್ತು ಹಿಡಿದ ಕೈಯನ್ನು ಹಾಗೇ ನಿಲ್ಲಿಸಿದಳು. "ಪಪ್ಪಾ ಏನಂದ್ರು ಆಂಟಿ?"

"ನಿನ್ನಂಥ ಮಗಳನ್ನ ಪಡೆಯೋಕೆ ನಿಮ್ಮಪ್ಪ ಪುಣ್ಯ ಮಾಡಿದ್ರಂತೆ," ಎಂದು ಹಿಂದಿಯಲ್ಲಿ ಹೇಳಿದೆ. ನಾನು ಸೇರಿಸಿದ್ದು ಏನೂ ಇರಲಿಲ್ಲ, ಒಂದು ಮಾತು ಬಿಟ್ಟಿದ್ದೆ ಅಷ್ಟೇ.

ಅವಳು ತಲೆಯಾಡಿಸಿದಳು. ತಟ್ಟೆಯ ಅಂಚಿಗೆ ಅನ್ನವನ್ನು ಒತ್ತರಿಸುತ್ತ ತಣ್ಣಗೆ ಹೇಳಿದಳು. "ಯಾರ ಮಗಳೋ ಅಂದಿದ್ದು ನನಗೂ ಅರ್ಥವಾಯ್ತು ಆಂಟಿ. ಅದನ್ನ ದಿನಾ ಕೇಳ್ತಾರೆ." ಯಾರ ಮಗಳೋ ಎಂಬುದನ್ನು ಅವಳು ಕನ್ನಡದಲ್ಲೇ, ಅಪ್ಪನ ಬಾಗಲಕೋಟೆಯ ಎಳೆತದಲ್ಲೇ ಹೇಳಿದಳು.

ಅವಳು ಮುಂದಿನ ತುತ್ತು ಎತ್ತಿದಳು. ಸರ್ ಅವಳ ಮಣಿಕಟ್ಟು ಹಿಡಿದು ಮೆಲ್ಲಗೆ ಅವಳ ಕಡೆಗೇ ತಿರುಗಿಸಿದರು.

"ಸಾಕವ್ವಾ. ನಿಂದಿನ್ನೂ ಊಟ ಆಗಿಲ್ಲ. ಮೊದಲ ನೀ ಉಣ್ಣು."

ಈ ಸಲ ಅವಳು ನನ್ನನ್ನು ಕೇಳಲಿಲ್ಲ. ಕೈಯಲ್ಲಿದ್ದ ತುತ್ತನ್ನು ತನ್ನ ಬಾಯಿಗೆ ಇಟ್ಟುಕೊಂಡಳು. ಅವಳು ನುಂಗುವವರೆಗೆ ಸರ್ ಅವಳ ಮುಖವನ್ನೇ ನೋಡುತ್ತಿದ್ದರು.