ಎರಡು ಮಿಡಿ ಪೆಟ್ಟಿಗೆ, ಒಂದು ಮಹಡಿ ಕೋಣೆ

ಹಳೆಯ ಸಾಮಾನು ಕೊಳ್ಳಲು ಹೋದಾಗ ನಿಮಗೆ ಬೇಕಾದುದರ ಕಡೆ ನೋಡಲೇಬೇಡಿ. ಅದರ ಪಕ್ಕದಲ್ಲಿ ಇರುವುದನ್ನು ನೋಡಿ. ಪಕ್ಕದ್ದರ ಬೆಲೆ ಕೇಳಿ, ಮುಖ ಸಿಂಡರಿಸಿ, ಎದ್ದು ಬಂದು ಚಪ್ಪಲಿಗೆ ಕಾಲು ತೂರಿಸುವಾಗ, ‘ಹೋಗ್ಲಿ, ಇದನ್ನೇನಾದ್ರೂ ಕೊಡೋ ಹಂಗಿದ್ರೆ ಹೇಳಿ’ ಎಂದು ಬೇಕಾದುದರ ಕಡೆ ಗದ್ದ ಚಾಚಿ. ಶಾಮಿಯಾನದವರ ಸ್ಪೀಕರ್ ಹೊರುತ್ತಿದ್ದ ನಾನು ಸ್ವಂತ ಸೌಂಡ್ ಸಿಸ್ಟಂ ಬಾಡಿಗೆಗೆ ಬಿಟ್ಟು, ಯಲಹಂಕದ ಹತ್ತಿರದ ಕೋಗಿಲಿನಲ್ಲಿ ಮಹಡಿ ಮನೆ ಕಟ್ಟಿದ್ದು ಈ ಒಂದೇ ವಿದ್ಯೆಯಿಂದ. ಕೇಳಿದವರಿಗೆ ಹೇಳಿಕೊಟ್ಟಿದ್ದೇನೆ, ಕೇಳದವರಿಗೂ ಹೇಳಿಕೊಟ್ಟಿದ್ದೇನೆ. ಹೆಂಡತಿಗಂತೂ ಊಟದ ಹೊತ್ತಿನಲ್ಲಿ ಎಷ್ಟು ಸಲ ವಿವರಿಸಿದ್ದೇನೋ. ಅವಳು ಕೇಳಿಸಿಕೊಳ್ಳುತ್ತಾ ಸಾರು ಬಡಿಸುತ್ತಾಳೆ.

ಟಿ. ದಾಸರಹಳ್ಳಿಯಲ್ಲಿ ನನ್ನ ಎರಡನೇ ಮಿಡಿ ಪೆಟ್ಟಿಗೆಯನ್ನು ಅಗ್ಗಕ್ಕೆ ಹೊಡೆದದ್ದೂ ಹೀಗೆಯೇ. ಮಾರಿದವರು ಮದುವೆ ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ನುಡಿಸುತ್ತಿದ್ದವರು. ಈಗ ಗಾಯಕರು ಜೇಬಿನಲ್ಲಿ ಪೆನ್‌ಡ್ರೈವ್ ಇಟ್ಟುಕೊಂಡು ಬರುತ್ತಾರೆ, ವಾದ್ಯದವರನ್ನು ಕರೆಯುವವರಿಲ್ಲ. ನಾನು ಅವರ ಮೈಕ್ ಸ್ಟ್ಯಾಂಡನ್ನು ಬಹಳ ಹೊತ್ತು ತಿರುವಿ ತಿರುವಿ ನೋಡಿದೆ. ಹೊರಟಾಗ ಕಂಕುಳಲ್ಲಿ ಇದ್ದದ್ದು ಮಿಡಿ ಪೆಟ್ಟಿಗೆ.

ಮಿಡಿ ಅಂದರೆ ಏನು ಅಂತ ಗೊತ್ತಿಲ್ಲದವರಿಗೆ ಹೇಳುತ್ತೇನೆ, ಕಷ್ಟವಿಲ್ಲ. ಹಳೆಯ ಕೀಬೋರ್ಡುಗಳ ಬೆನ್ನಲ್ಲಿ ಐದು ಚುಕ್ಕೆಯ ದುಂಡನೆಯ ತೂತು ಇರುತ್ತದೆ. ಅದರಿಂದ ಹೊರಡುವ ತಂತಿಯಲ್ಲಿ ಸದ್ದು ಹರಿಯುವುದಿಲ್ಲ, ಬರೀ ಅಪ್ಪಣೆ ಹರಿಯುತ್ತದೆ: ಈ ಸ್ವರದ ಮನೆ ಒತ್ತಿದರು, ಇಷ್ಟು ಜೋರಾಗಿ ಒತ್ತಿದರು, ಈಗ ಬಿಟ್ಟರು. ಇಲ್ಲಿ ಒತ್ತಿದರೆ ಆ ಮೂಲೆಯಲ್ಲಿರುವ ಇನ್ನೊಂದು ಯಂತ್ರ ಕೊಳಲಾಗಿ ಕೂಗುತ್ತದೆ. ಯಾರ ಅಪ್ಪಣೆ ಯಾರಿಗೆ ಹೋಗಬೇಕು ಎಂದು ಹಂಚುವುದು ಮಿಡಿ ರೂಟರ್ ಎಂಬ ಪೆಟ್ಟಿಗೆ. ಅದಕ್ಕೆ ಒಳಬರುವ ಬಾಗಿಲುಗಳು, ಹೊರಹೋಗುವ ಬಾಗಿಲುಗಳು, ಯಾವ ಒಳಬಾಗಿಲು ಯಾವ ಹೊರಬಾಗಿಲಿಗೆ ಎಂದು ಗುರುತು ಹಾಕಲು ಚೌಕ ಚೌಕದ ಒಂದು ಪುಟ್ಟ ಪರದೆ.

ನನ್ನ ಮಹಡಿ ಕೋಣೆಯಲ್ಲಿ ಮೊದಲೇ ಇದ್ದ ಪೆಟ್ಟಿಗೆಯ ಬಾಗಿಲುಗಳೆಲ್ಲ ಆಗಲೇ ತುಂಬಿದ್ದವು. ಅಗ್ಗಕ್ಕೆ ಸಿಕ್ಕಿತೆಂದು ತಂದ ಯಂತ್ರಗಳು ಇನ್ನೂ ಮಂಚದ ಮೇಲೆ ಬಾಯಿ ಮುಚ್ಚಿಕೊಂಡು ಮಲಗಿದ್ದವು. ದೊಡ್ಡ ಪೆಟ್ಟಿಗೆ ಕೊಳ್ಳುವ ಬದಲು ಚಿಕ್ಕವೆರಡನ್ನು ಜೋಡಿಸುವುದು ನನ್ನ ಲೆಕ್ಕ.

ಕೋಣೆಯ ವಿಷಯ ಬೇರೆ ಇತ್ತು. ನಮ್ಮ ಕಡೆ ಬಾಡಿಗೆ ತರದ ಕೋಣೆಯನ್ನು ಜನ ಕೆಲಸಕ್ಕೆ ಹೋಗದ ಅಳಿಯನನ್ನು ನೋಡುವಂತೆ ನೋಡುತ್ತಾರೆ. ಎದುರುಮನೆಯವರು ಮೆಟ್ಟಿಲ ಕೆಳಗಿನ ಜಾಗವನ್ನೂ ಇಸ್ತ್ರಿಯವನಿಗೆ ಕೊಟ್ಟಿದ್ದಾರೆ. ಅಂಥದ್ದರಲ್ಲಿ ನಾನು, ಊರಿಗೆಲ್ಲ ಬಾಡಿಗೆ ಕರಾರಿನ ಬುದ್ಧಿ ಹೇಳುವವನು, ಗಾಳಿ ಬೆಳಕು ಇರುವ ಒಂದು ಕೋಣೆಯನ್ನು ಸ್ಟುಡಿಯೋ ಮಾಡಿಕೊಂಡು ಕೂತಿದ್ದೆ. ಅಲ್ಲಿಂದ ಒಂದು ಹಾಡೂ ಹೊರಬಿದ್ದಿರಲಿಲ್ಲ.

“ಶನಿವಾರ ಒಬ್ರು ಕೋಣೆ ನೋಡೋಕೆ ಬರ್ತಾರೆ,” ಎಂದಳು ಹೆಂಡತಿ. “ಕೆಂಪಾಪುರದವರು. ದೋಸೆ ಹಿಟ್ಟು ರುಬ್ಬಿ ಅಂಗಡಿಗಳಿಗೆ ಹಾಕ್ತಾರಂತೆ.”

“ಅದು ಸ್ಟುಡಿಯೋ ಕಣೇ!”

“ಸ್ಟುಡಿಯೋ ಅಂದ್ರೆ ಹಾಡು ಬರ್ಬೇಕಲ್ವಾ? ಇಲ್ಲಿವರೆಗೆ ಬಂದಿರೋದು ಕರೆಂಟ್ ಬಿಲ್ಲೊಂದೇ. ಅವರು ಸಾಮಾನು ತರೋದ್ರೊಳಗೆ ಒಂದೇ ಒಂದು ಹಾಡು ಪೂರ್ತಿ ನುಡಿಸಿ ತೋರಿಸ್ರೀ, ಕೋಣೆ ನಿಮ್ಮದೇ. ಇಲ್ಲಾಂದ್ರೆ ಹಿಟ್ಟಿಗೆ.”

ಶನಿವಾರ ಬೆಳಿಗ್ಗೆ ತಿಂಡಿ ಮುಗಿಸಿ ಜೋಡಿಸಲು ಕೂತೆ. ಮೊದಲ ಪೆಟ್ಟಿಗೆಯಿಂದ ಎರಡನೆಯದಕ್ಕೆ ಒಂದು ತಂತಿ, ಎರಡನೆಯದರಿಂದ ಮೊದಲನೆಯದಕ್ಕೆ ವಾಪಸ್ ಒಂದು ತಂತಿ. ಆಗಲೇ ನನಗೊಂದು ಹೊಟ್ಟೆಯುರಿ ಶುರುವಾದದ್ದು. ಅಕ್ಕಪಕ್ಕದ ಎರಡು ಸೈಟು ಕೂಡಿಸಿದರೆ ನಡುವೆ ಬಿಡಬೇಕಾದ ಜಾಗವೆಲ್ಲ ನಮಗೇ ಲಾಭ. ಪೆಟ್ಟಿಗೆಯಲ್ಲಿ ಹಾಗಿಲ್ಲ. ಸಂಬಂಧ ಬೆಳೆಸುವುದಕ್ಕೆಂದೇ ಎರಡೂ ಕಡೆ ಒಂದೊಂದು ಒಳಬಾಗಿಲು, ಒಂದೊಂದು ಹೊರಬಾಗಿಲು ಹೋಗಿಬಿಡುತ್ತದೆ. ದುಡ್ಡು ಕೊಟ್ಟ ಬಾಗಿಲು! ಹೋದದ್ದು ಹೋಯಿತು, ಉಳಿದದ್ದರಲ್ಲಿ ಒಂದು ಚೂರೂ ಬಿಡಬಾರದು ಎಂದು ಹಟ ಹಿಡಿದು, ಎರಡೂ ಪರದೆಗಳಲ್ಲಿ ಇದ್ದ ಎಲ್ಲ ಚೌಕಕ್ಕೂ ಗುರುತು ಹಾಕಿದೆ. ಎಲ್ಲರ ಅಪ್ಪಣೆ ಎಲ್ಲರಿಗೂ ಹೋಗಲಿ. ಕೊಂಡ ಮೇಲೆ ಮುಚ್ಚಿಡುವುದು ಯಾಕೆ?

ಕೀಬೋರ್ಡಿನಲ್ಲಿ ಒಂದೇ ಒಂದು ‘ಸ’ ಒತ್ತಿದೆ.

ತಗಡಿನ ಚಾವಣಿಯ ಮೇಲೆ ಲಾರಿಯಿಂದ ಜಲ್ಲಿ ಸುರಿದ ಹಾಗಾಯಿತು. ಶಹನಾಯಿ, ತಬಲಾ, ಗಿಟಾರು, ಚರ್ಚಿನ ಆರ್ಗನ್ನು, ಎಲ್ಲವೂ ಒಂದೇ ‘ಸ’ವನ್ನು ಹಿಡಿದು ತಟತಟತಟ ಜಗ್ಗತೊಡಗಿದವು. ಬೆರಳು ತೆಗೆದರೂ ನಿಲ್ಲಲಿಲ್ಲ. ಯಂತ್ರಗಳ ಹಿಂದಿನ ಸಂದಿಗೆ ನುಗ್ಗಿ ಗೋಡೆಯ ಪ್ಲಗ್ ಕಿತ್ತೆ. ಆಗ ಕೆಲಸ ಶುರುಮಾಡಿದ್ದು ನನ್ನ ಯುಪಿಎಸ್ಸು. ಯಲಹಂಕದ ಬ್ಯಾಂಕೊಂದರ ಹಳೆಯ ಮಾಲು, ಕರೆಂಟ್ ಹೋದರೂ ಊರಿಗೆ ಊರೇ ನಡೆಯುತ್ತದೆ ಎಂದು ಕಂಡವರಿಗೆಲ್ಲ ಹೊಗಳಿಕೊಂಡಿದ್ದೆ. ಅದು ಮಾತು ಉಳಿಸಿಕೊಂಡು, ಮೇಲೆ ತನ್ನದೂ ಒಂದು ಕೀಂ ಕೀಂ ಸೇರಿಸಿತು.

“ರೀ! ಏನ್ರೀ ಅದು, ಬೋರ್‌ವೆಲ್ ಕೊರೀತಿದೀರಾ?” ಬಾಗಿಲಲ್ಲಿ ಹೆಂಡತಿ. ಅವಳ ಹಿಂದೆ ಕೈಚೀಲ ಹಿಡಿದ ಗಟ್ಟಿಮುಟ್ಟಾದ ಹೆಂಗಸು, ಹಿಟ್ಟಿನವರು.

ನಿಜ ಹೇಳಬೇಕೆಂದರೆ, ಯುಪಿಎಸ್ ಗುಂಡಿ ಅಷ್ಟರಲ್ಲಿ ಕೈಗೆ ಸಿಕ್ಕಿತ್ತು. ಆದರೆ ತಲೆ ಓಡಿತು. ಈ ಗಲಾಟೆ ಕೇಳಿದ ಯಾವ ಬಾಡಿಗೆದಾರರು ನಿಲ್ಲುತ್ತಾರೆ? ಇನ್ನೂ ಸ್ವಲ್ಪ ಹೊತ್ತು ಹುಡುಕುವ ಹಾಗೆ ಮಾಡಿ, ಆಮೇಲೆ ಆರಿಸಿದೆ.

“ದಿನಾ ಇಂಗೇ ಸೌಂಡ್ ಇರ್ತದಾ ಸಾರ್?” ಹಿಟ್ಟಿನವರು ಕೇಳಿದರು.

“ದಿನಾ ಅಮ್ಮಾ. ಹಬ್ಬದ ದಿನ ಇನ್ನೂ ಜಾಸ್ತಿ.”

ಅವರ ಮುಖ ಅರಳಿತು. “ಅಯ್ಯೋ, ನಮ್ಮಪ್ಪ! ಇಂಥ ಜಾಗನೇ ಉಡುಕ್ತಾ ಇದ್ದೆ ಕಣಕ್ಕ. ಅಲ್ಲಿ ಗ್ರೈಂಡರ್ ಆನ್ ಮಾಡಿದ್ರೆ ಮೇಲ್ಗಡೆಯೋರು ಬಕೆಟ್ ಬಡೀತಾರೆ. ನೀವೇ ಇಷ್ಟ್ ಗಲಾಟೆ ಮಾಡೋರು, ನನ್ನ ಯಾವ ಬಾಯಾಗೆ ಬಯ್ತೀರಾ?”

ಬಾಣ ತಿರುಗಿ ನನಗೇ ನೆಟ್ಟಿತು. ಹೆಂಡತಿ ಸೆರಗಿನಲ್ಲಿ ನಗು ಒರೆಸಿಕೊಂಡಳು. ಅವರಿಬ್ಬರೂ ಆಗಲೇ ಕೋಣೆಯನ್ನು ಅಡಿ ಹಾಕಿ ಅಳೆಯುತ್ತಿದ್ದರು.

“ಅಕ್ಕ, ನೀರು ಜಾಸ್ತಿ ಬೇಕಾಯ್ತದೆ,” ಎಂದರು ಅವರು.

ಹೆಂಡತಿ ನನ್ನ ಕಡೆ ತಿರುಗಿದಳು. “ನೀರು ಜಾಸ್ತಿ ಬೇಕಂತೆ.”

ನಾನು ಕಾಲಹರಣಕ್ಕೆಂದು ಅವರನ್ನೇ ಕೇಳಿದೆ: “ನೀರು ಜಾಸ್ತಿ ಬೇಕಾ?”

ಅವರು ಹೆಂಡತಿಗೆ ಹೇಳಿದರು: “ಊಂ ಕಣಕ್ಕ, ಜಾಸ್ತಿ ಬೇಕು.”

“ಜಾಸ್ತಿನೇ ಬೇಕಂತೆ ಕಣ್ರೀ.”

“ಜಾಸ್ತಿನೇ ಅಂದ್ರೆ, ತುಂಬಾ ಜಾಸ್ತಿನಾ?”

ಮೂರನೇ ಸುತ್ತು ಶುರುವಾಗುವಾಗ ನನ್ನ ಮೈ ಜುಂ ಅಂದಿತು. ಪೆಟ್ಟಿಗೆಗಳು ಮಾಡುತ್ತಿದ್ದದ್ದು ಇದನ್ನೇ! ಆ ಪೆಟ್ಟಿಗೆಯಿಂದ ಬಂದದ್ದನ್ನು ಈ ಪೆಟ್ಟಿಗೆ ಅದಕ್ಕೇ ವಾಪಸ್ ಹೇಳುತ್ತಿದೆ, ಅದು ಮತ್ತೆ ಇದಕ್ಕೆ ಹೇಳುತ್ತಿದೆ. ಯಾರಾದರೂ ಒಬ್ಬರು ಮಾತನ್ನು ಅಲ್ಲೇ ನುಂಗಬೇಕು. ಪಕ್ಕದ ಪೆಟ್ಟಿಗೆಯಿಂದ ಬಂದದ್ದು ಈಚೆಯ ವಾದ್ಯಗಳಿಗೆ ಹೋಗಲಿ, ಬಂದ ದಾರಿಗೆ ಮಾತ್ರ ಹಿಂದಿರುಗಬಾರದು. ಎರಡೂ ಪರದೆಯಲ್ಲಿ ಒಂದೊಂದು ಚೌಕ ಅಳಿಸಿದರೆ ಮುಗಿಯಿತು. ನೀವೂ ಎಂದಾದರೂ ಜೋಡಿಸಿದರೆ ನೆನಪಿರಲಿ, ಆ ಒಂದೊಂದು ಚೌಕಕ್ಕೆ ಆಸೆಪಡಬೇಡಿ.

ಆದರೆ ಕೋಣೆ ಉಳಿದರಲ್ಲವೇ ಚೌಕ ಅಳಿಸುವುದು? ನಾನು ಗಂಟಲು ಸರಿಮಾಡಿಕೊಂಡೆ.

“ಅಮ್ಮಾ, ಇಷ್ಟು ಮೆಟ್ಟಿಲು ಗ್ರೈಂಡರ್ ಹೊತ್ತು ಹತ್ತಿಸ್ತೀರಾ? ಅಕ್ಕಿ ಮೂಟೆ? ಇಲ್ಲಿ ನಲ್ಲಿನೂ ಇಲ್ಲ. ಕೆಳಗೆ ಕಾರ್ ಶೆಡ್ ಇದೆ. ರಸ್ತೆಗೇ ಬಾಗಿಲು, ನಿಮ್ಮ ಆಟೋ ಒಳಗೇ ಬರುತ್ತೆ. ನೀರಿಗೆ ಹೊಚ್ಚಹೊಸ ನಲ್ಲಿ. ಮೊನ್ನೆ ತಾನೇ ನಮ್ಮೋಳು ಕಾರ್ ತೊಳೆಯೋಕೆ ಅಂತ ಹಾಕಿಸಿದಾಳೆ.”

“ಕಾರು?” ಎಂದಳು ಹೆಂಡತಿ, ಗಾಬರಿಯಾದವಳಂತೆ.

“ರಸ್ತೇಲಿ ನಿಲ್ಲಿಸ್ತೀನಿ. ಬಾಡಿಗೆ ಮಾತ್ರ ಕೋಣೆಯದೇ ಕೊಡ್ಬೇಕು, ಜಾಗ ದೊಡ್ಡದು.”

ಹಿಟ್ಟಿನವರು ಚೌಕಾಸಿ ಮಾಡಿದರು, ನಾನೂ ಮಾಡಿದೆ. ಹೆಂಡತಿ ನಡುವೆ ಬಂದು, “ಹೋಗ್ಲಿ ಬಿಡ್ರೀ, ಅವರ ಮಾತೂ ಬೇಡ ನಿಮ್ಮ ಮಾತೂ ಬೇಡ,” ಎಂದು ಒಂದು ಮಾತಿಗೆ ನಿಲ್ಲಿಸಿದಳು. ಒಳಗೊಳಗೇ ನಾನು ಬೀಗಿದೆ. ಸೋಲುವ ವ್ಯಾಪಾರವನ್ನು ಹೇಗೆ ತಿರುಗಿಸಿದೆ ನೋಡಿ.

ಸಂಜೆ ಕಾರು ಹೊರಗೆ ತೆಗೆದೆ. ಖಾಲಿಯಾದ ಶೆಡ್ಡಿನಲ್ಲಿ ಹೊಸ ನಲ್ಲಿ ಮಿರಿಮಿರಿ ಮಿಂಚುತ್ತಿತ್ತು. ಅದರ ಆಚೆ ಗೋಡೆಯಲ್ಲಿ, ಇಷ್ಟು ದಿನ ಕಾರಿನ ಮರೆಯಲ್ಲಿದ್ದ ಜಾಗದಲ್ಲಿ, ದಪ್ಪ ತೂತುಗಳ ದೊಡ್ಡ ಪ್ಲಗ್ ಪಾಯಿಂಟು. ಅದೂ ಹೊಸದು. ನೆಲದಲ್ಲಿ ನೀರು ಹೋಗಲು ಒಂದು ಜಾಲರಿ ಬೇರೆ.

ಒಳಗೆ ಬಂದೆ. ಹೆಂಡತಿ ಹುರುಳಿಕಾಯಿ ನಾರು ತೆಗೆಯುತ್ತಿದ್ದಳು.

“ಕಾರ್ ತೊಳೆಯೋಕೆ ನಲ್ಲಿ ಬೇಕು, ಒಪ್ಪಿದೆ. ಗ್ರೈಂಡರ್ ಪ್ಲಗ್ ಯಾಕೆ?”

ಅವಳು ತಲೆ ಎತ್ತಲಿಲ್ಲ. “ಶೆಡ್ ಕೊಡಿ ಅಂದಿದ್ರೆ ಕೊಡ್ತಿದ್ರಾ? ಕಾರನ್ನ ಮಗು ಥರ ಮಲಗಿಸ್ತಿದ್ರಿ. ನೀವೇ ಹೇಳಿಕೊಟ್ಟಿದ್ದಲ್ವಾ? ಬೇಕಾದ್ದನ್ನ ನೋಡಬಾರದು, ಪಕ್ಕದ್ದನ್ನ ನೋಡಬೇಕು ಅಂತ.”

ಈ ಸಲ ಮಾತನ್ನು ಬಂದ ದಾರಿಗೆ ಹಿಂದಿರುಗಿಸಲಿಲ್ಲ. ಅಲ್ಲೇ ನುಂಗಿದೆ.

“ಅಂದಹಾಗೆ, ಹಾಡಿನ ಮಾತು ಮಾತೇ,” ಎಂದಳು. “ಗ್ರೈಂಡರ್ ಬರೋ ದಿನ ಕೇಳಿಸ್ಬೇಕು. ಇಲ್ಲಾಂದ್ರೆ ಆ ಕೋಣೆಗೂ ಜನ ಇದಾರೆ.”

ಗ್ರೈಂಡರ್ ಬಂತು. ಎರಡು ಚೌಕ ಅಳಿಸಿದ ಪೆಟ್ಟಿಗೆಗಳು ಒಳ್ಳೆಯ ಓರಗಿತ್ತಿಯರಂತೆ ನಡೆದುಕೊಂಡವು. ಒಂದೇ ಕೀಬೋರ್ಡಿನ ಮುಂದೆ ಕೂತು, ಮಂಚದ ಮೇಲೆ ಮೂಕವಾಗಿದ್ದವನ್ನೆಲ್ಲ ಎಬ್ಬಿಸಿ, ನಾನೇ ಕಟ್ಟಿದ ಒಂದು ಹಾಡನ್ನು ಎಲ್ಲೂ ತಪ್ಪದೆ ಕೊನೆಯವರೆಗೆ ನುಡಿಸಿದೆ. ಕೊಳಲು ಕೊಳಲಾಗಿ ಬಂತು, ತಬಲಾ ತಬಲಾ ಆಗಿ ಬಂತು. ಹೆಂಡತಿ ಬಾಗಿಲಿಗೆ ಒರಗಿ ಪೂರ್ತಿ ಕೇಳಿದಳು. ಮುಗಿದ ಮೇಲೆ, “ಪರವಾಗಿಲ್ಲ,” ಎಂದು ಇಳಿದುಹೋದಳು. ಅವಳ ಬಾಯಲ್ಲಿ ಅದು ದೊಡ್ಡ ಮಾತು. ಕೋಣೆ ಉಳಿಯಿತು.

ಕೆಳಗೆ ರುಬ್ಬುವ ಸದ್ದು ಒಂದು ಕ್ಷಣ ನಿಂತಿತು. ಹಿಟ್ಟಿನವರು ಶೆಡ್ಡಿನಿಂದ ಹೊರಗೆ ಬಂದು, ಹಿಟ್ಟಾದ ಕೈಯನ್ನು ಹಣೆಗೆ ಅಡ್ಡ ಹಿಡಿದು, ಮಹಡಿಯ ಕಡೆ ಕೂಗಿದರು:

“ಸಾರ್, ಅವತ್ತು ಬಾರಿಸಿದ್ರಲ್ಲ, ಅದ್ನೇ ಹಾಕಿ ಸಾರ್! ಇದ್ಕೆ ರುಬ್ಬಕ್ಕೆ ಕೈ ಓಡ್ತಾ ಇಲ್ಲ!”