ಬೆಲ್ಟ್ ಇಲ್ಲದ ಅಪ್ಪ

ನೀವು ಇದನ್ನು ನಂಬುವುದಿಲ್ಲ, ಮೊದಲೇ ಹೇಳಿಬಿಡುತ್ತೇನೆ. ದಿಲ್ಲಿಯ ಕಿದ್ವಾಯಿ ನಗರದ ಸರ್ಕಾರಿ ಕ್ವಾರ್ಟರ್ಸಿನಲ್ಲಿ ನನ್ನಷ್ಟು ಏಟು ತಿಂದ ಹುಡುಗ ಇನ್ನೊಬ್ಬನಿರಲಿಲ್ಲ. ಅದರಲ್ಲಿ ಒಂದು ಏಟೂ ನನ್ನ ಮೈಗೆ ಬಿದ್ದಿರಲಿಲ್ಲ.

ಅಮ್ಮ ತೀರಿಕೊಂಡಾಗ ನಾನು ಒಂಬತ್ತನೇ ಕ್ಲಾಸು. ಗಣಿತದಲ್ಲಿ ನೂರಕ್ಕೆ ಹನ್ನೊಂದು ತೆಗೆದೆ, ಅದರಲ್ಲೂ ಹತ್ತು ಪಕ್ಕದವನ ಪುಣ್ಯ. ಸ್ಕೂಲಿನವರು ನನ್ನನ್ನು ‘ಗಮನ ಬೇಕಾದ ಮಕ್ಕಳ’ ಪಟ್ಟಿಗೆ ಸೇರಿಸಿದರು. ಅಂಥವರನ್ನು ಒಂದು ಗಂಟೆ ಮಾತಾಡಿಸಲು ಪ್ರತಿ ಬುಧವಾರ ಗುಡಗಾಂವ್‌ನ ಕಂಪನಿಯೊಂದರಿಂದ ಟೈ ಕಟ್ಟಿದ ಯುವಕರು ವ್ಯಾನಿನಲ್ಲಿ ಬರುತ್ತಿದ್ದರು. ಒಬ್ಬ ಹುಡುಗನಿಗೆ ಒಬ್ಬರು. ನನ್ನ ಪಾಲಿಗೆ ಬಂದವರು ಮೈಸೂರಿನವರು. ಉಳಿದ ಹುಡುಗರು ಭಯ್ಯಾ ಎನ್ನುತ್ತಿದ್ದರು, ನಾನು ಅಣ್ಣ ಎಂದೆ.

“ಅಣ್ಣ ಅನ್ಬೇಡ, ಹೆಸರು ಹಿಡಿದು ಕರಿ. ನಾವಿಬ್ರೂ ಫ್ರೆಂಡ್ಸ್. ಆಮೇಲೆ, ನೆಲ ನೋಡ್ಬೇಡ. ನನ್ನ ಕಣ್ಣು ನೋಡಿ ಮಾತಾಡು,” ಎಂದರು.

ಅವರ ಟ್ರೈನಿಂಗಿನಲ್ಲಿ ಹಾಗೆ ಹೇಳಿಕೊಟ್ಟಿದ್ದರಂತೆ. ನಮ್ಮ ಮನೆಯಲ್ಲಿ ದೊಡ್ಡವರನ್ನು ಹಾಗೆ ದಿಟ್ಟಿಸಿದರೆ ಕೊಬ್ಬು ಎನ್ನುತ್ತಾರೆ. ಆದರೂ ಕಲಿತೆ. ಕಲಿತ ಮೇಲೆ ಗೊತ್ತಾಯಿತು, ಕಣ್ಣು ನೋಡುತ್ತಾ ಸುಳ್ಳು ಹೇಳುವುದು ಬಹಳ ಸುಲಭ.

ನಿಜ ಹೇಳಿದ್ದು ಮೊದಲ ವಾರ ಮಾತ್ರ. ಅಮ್ಮ ಹೋದ ಮೇಲೆ ಅಪ್ಪ ಮಾತಾಡುವುದಿಲ್ಲ. ಬೆಳಿಗ್ಗೆ ನನ್ನ ಡಬ್ಬಿಗೆ ಚಿತ್ರಾನ್ನ ತುಂಬುತ್ತಾರೆ, ಸಂಜೆ ಡಬ್ಬಿ ತೊಳೆಯುತ್ತಾರೆ, ಅಷ್ಟೆ. ಅಣ್ಣ ವಾಚು ನೋಡಿಕೊಂಡರು. ಎರಡನೇ ವಾರ, “ಅಪ್ಪ ಬೆಲ್ಟಲ್ಲಿ ಹೊಡೀತಾರೆ,” ಎಂದೆ. ಅವರಿಗೆ ವಾಚು ಮರೆತೇಹೋಯಿತು. ಮೂರನೇ ವಾರ ಬೆಲ್ಟಿಗೆ ಹಿತ್ತಾಳೆಯ ಬಕಲ್ ಬಂತು. ನಾಲ್ಕನೇ ವಾರ ಬಕಲ್ ಮೇಲೆ ಸಿಂಹದ ಮುಖ ಮೂಡಿತು. ಅಣ್ಣನ ಕಣ್ಣಲ್ಲಿ ನೀರು, ನನ್ನ ಕೈಯಲ್ಲಿ ಎರಡನೇ ಸಮೋಸ. ಇಡೀ ದಿಲ್ಲಿಯಲ್ಲಿ ನನ್ನ ಮಾತನ್ನು ಕೂತು ಕೇಳುವ ಮನುಷ್ಯ ಅವರೊಬ್ಬರೇ. ಆ ಬುಧವಾರ ಉಳಿಯುವುದಾದರೆ ಸಿಂಹದ ಪಕ್ಕ ಹುಲಿಯನ್ನೂ ಕೂರಿಸುತ್ತಿದ್ದೆ.

ಅಂದಹಾಗೆ, ನಮ್ಮಪ್ಪನ ಬಳಿ ಬೆಲ್ಟೇ ಇರಲಿಲ್ಲ. ಅಮ್ಮ ಹೋದ ಮೇಲೆ ಸೊರಗಿದ್ದರು. ದೊಗಳೆಯಾದ ಪ್ಯಾಂಟನ್ನು ಸೊಂಟದ ಬಳಿ ಮಡಿಸಿ ಪಿನ್ನು ಹಾಕಿಕೊಳ್ಳುತ್ತಿದ್ದರು.

“ಯಾರಿಗೂ ಹೇಳ್ಬೇಡಿ ಅಣ್ಣ,” ಎಂದಿದ್ದೆ.

“ಇಂಥದ್ದು ಮುಚ್ಚಿಡೋ ಹಾಗಿಲ್ಲ ಕಣೋ. ರೂಲ್ಸ್ ಇದೆ,” ಎಂದರು.

ರೂಲ್ಸ್ ಪ್ರಕಾರ ಅಪ್ಪನ ಆಫೀಸಿಗೆ ಫೋನು ಮಾಡಿದರು. ಎತ್ತಿಕೊಂಡವರು ಅಪ್ಪನ ಸಾಹೇಬರು. ಮನೆಯ ಮಾತು ಹೊಸ್ತಿಲು ದಾಟಬಾರದು ಎನ್ನುವ ವಂಶ ನಮ್ಮದು. ನಮ್ಮದು ಸೀದಾ ಕೇಂದ್ರ ಸಚಿವಾಲಯಕ್ಕೇ ಹೋಯಿತು.

ಮುಂದಿನ ಬುಧವಾರ ಸಿಂಹಕ್ಕೆ ಹಲ್ಲು ಮೂಡಿಸುತ್ತಿದ್ದೆ. ಅಪ್ಪ ಒಳಗೆ ಬಂದರು.

ಅಣ್ಣ ಎದ್ದು ಕೈ ಚಾಚಿದರು. ಅಪ್ಪ ಕೈ ಮುಗಿದರು. ಅಣ್ಣನ ನೋಟ ಮೊದಲು ಹೋದದ್ದು ಅಪ್ಪನ ಸೊಂಟಕ್ಕೆ. ಅಲ್ಲಿ ಪಿನ್ನು.

“ಸಾಹೇಬ್ರು ಎಲ್ಲರ ಮುಂದೆ ನನಗೆ ಬುದ್ಧಿ ಹೇಳಿದ್ರು, ತಾಯಿಲ್ಲದ ಮಗುನ ಹೊಡೀಬೇಡಿ ಅಂತ,” ಎಂದರು ಅಪ್ಪ. ಆಮೇಲೆ ನನಗೆ, “ನೀನೇ ಹೇಳಪ್ಪ. ಯಾವತ್ತು ಹೊಡೆದೆ?”

ಅಮ್ಮ ಹೋದ ಮೇಲೆ ಅವರು ನನ್ನೆದುರು ಇಷ್ಟು ಮಾತಾಡಿದ್ದು ಅದೇ ಮೊದಲು.

“ಹೆದರ್ಬೇಡ,” ಎಂದರು ಅಣ್ಣ. “ನನ್ನ ಕಣ್ಣು ನೋಡಿ ಹೇಳು.”

ನಾನು ನೆಲ ನೋಡಿದೆ. ಅಣ್ಣನ ಟ್ರೈನಿಂಗಿನಲ್ಲಿ ಅದಕ್ಕೆ ಹೆದರಿಕೆ ಎಂದು ಅರ್ಥ. ಫೈಲು ತೆರೆದು ಬರೆದುಕೊಂಡರು. ನಮ್ಮ ಮನೆಯಲ್ಲಿ ಅದಕ್ಕೆ ತಪ್ಪೊಪ್ಪಿಗೆ ಎಂದು ಅರ್ಥ. ಅಪ್ಪನಿಗೆ ಬೇರೆ ಉತ್ತರ ಬೇಕಾಗಲಿಲ್ಲ.

“ಚಲೋ,” ಎಂದರು, ಯಾರದೋ ಮಗನಿಗೆ ಹೇಳುವ ಹಾಗೆ, ಹಿಂದಿಯಲ್ಲಿ.

ನನ್ನ ಚೀಲ ಎತ್ತಲು ಬಗ್ಗಿದಾಗ ಪಿನ್ನು ಬಿಚ್ಚಿ ಬಿತ್ತು. ಅಪ್ಪ ಅದನ್ನು ಹುಡುಕಲಿಲ್ಲ. ಒಂದು ಕೈಯಲ್ಲಿ ನನ್ನ ಚೀಲ, ಇನ್ನೊಂದು ಕೈಯಲ್ಲಿ ಪ್ಯಾಂಟು ಹಿಡಿದುಕೊಂಡು ಬಾಗಿಲು ದಾಟಿದರು.