ಕಿಟಕಿ ಮುಚ್ಚುವ ದೇಸಾಂಕಾ

ಡ್ಯಾನ್ಯೂಬ್ ನದಿಯ ದಂಡೆಯ ನೋವಿ ಸಾದ್ ವಿಶ್ವವಿದ್ಯಾಲಯದ ರಸಾಯನಶಾಸ್ತ್ರ ಪ್ರಯೋಗಾಲಯಕ್ಕೆ ದೇಸಾಂಕಾ ಬಂದದ್ದು ಗಾಜು ತೊಳೆಯುವುದಕ್ಕೆ. ಪಕ್ಕದ ಹಳ್ಳಿ ಫುಟೋಗಿನಲ್ಲಿ ಎಲೆಕೋಸು ಬೆಳೆಯುವವರ ಮಗಳು, ಆಗ ಇಪ್ಪತ್ತಮೂರು. ಈಗ ಐವತ್ತೆಂಟು. ತೊಳೆಯುತ್ತ ತೊಳೆಯುತ್ತಲೇ ಕಲಿತವಳು. ದ್ರಾವಣವನ್ನು ನೀರಿಗೆ ಹನಿಹನಿಯಾಗಿ ಬಿಟ್ಟು, ಬಂದದ್ದನ್ನು ಕುಲುಮೆಯಲ್ಲಿ ಸುಟ್ಟು, ಟೈಟಾನಿಯಂ ಆಕ್ಸೈಡಿನ ನ್ಯಾನೊ ಕಣಗಳ ಪುಡಿಯನ್ನು ಅವಳಷ್ಟು ಚೆನ್ನಾಗಿ ಮಾಡುವವರು ಆ ಕಟ್ಟಡದಲ್ಲೇ ಇರಲಿಲ್ಲ. ಓದಿದವರು ಹತ್ತು ಪುಟ ಬರೆಯುವುದನ್ನು ಅವಳು ಎರಡು ಮಾತಿನಲ್ಲಿ ಮುಗಿಸುತ್ತಿದ್ದಳು: "ಹನಿ ಅವಸರ ಮಾಡಿದ್ರೆ ಕಣ ದಪ್ಪ. ಕುಲುಮೆ ಜಾಸ್ತಿ ಕಾದ್ರೆ ಪುಡಿ ಸೋಮಾರಿ." ಸುಳ್ಳಲ್ಲ. ನಾನೂರೈವತ್ತು ಡಿಗ್ರಿಯಲ್ಲಿ ಸುಟ್ಟ ಪುಡಿಯನ್ನು ನೀಲಿ ಬಣ್ಣದ ನೀರಿಗೆ ಹಾಕಿ ಬಿಸಿಲಿಗಿಟ್ಟರೆ ಗಂಟೆಯೊಳಗೆ ನೀರು ತಿಳಿ. ಎಂಟುನೂರಕ್ಕೆ ಏರಿಸಿ ಸುಟ್ಟರೆ ಸಂಜೆಯಾದರೂ ನೀಲಿ ಹಾಗೇ ಇರುತ್ತಿತ್ತು.

ಅವಳಿಗೆ ಇದ್ದದ್ದು ಒಂದೇ ಭಯ. ಎದುರುಬದುರು ಕಿಟಕಿ ತೆರೆದಾಗ ನಡುವೆ ನುಗ್ಗುವ ಗಾಳಿ. ಆ ಊರಲ್ಲಿ ಆ ಭಯ ಯಾರಿಗಿಲ್ಲ ಹೇಳಿ! ಕತ್ತು ಹಿಡಿದರೂ ಗಾಳಿ, ಹಲ್ಲು ನೋವಾದರೂ ಗಾಳಿ, ಬಾಯಿ ಸೊಟ್ಟಗಾದರೂ ಗಾಳಿ. ಆದರೆ ದೇಸಾಂಕಾಳದು ಅತಿ. ಜುಲೈ ಸೆಕೆಯಲ್ಲೂ ಒಂದು ಕಿಟಕಿ ತೆಗೆಯಗೊಡುತ್ತಿರಲಿಲ್ಲ.

ಏಪ್ರಿಲ್‌ನಲ್ಲಿ ಡಾಕ್ಟರ್ ರೆಲ್ಯಾ ಪ್ರಯೋಗಾಲಯದ ಮುಖ್ಯಸ್ಥನಾಗಿ ಬಂದ. ಊರಿನ ಹುಡುಗನೇ, ಆರು ವರ್ಷ ಜರ್ಮನಿಯಲ್ಲಿದ್ದು ಬಂದವನು. "ಚಿಕ್ಕಮ್ಮ, ಉಸಿರು ಕಟ್ಟಿ ಸಾಯ್ಬೇಕಾ ಇಲ್ಲಿ?" ಎಂದವನೇ ಎರಡೂ ಬದಿಯ ಕಿಟಕಿ ತೆರೆದುಬಿಟ್ಟ. ದೇಸಾಂಕಾ ಕತ್ತಿಗೆ ಶಾಲು ಸುತ್ತಿಕೊಂಡು ಗೊಣಗಿದಳು. ಮೇಲಿನವರ ಮಾತು, ಏನು ಮಾಡಲಾದೀತು?

ಅಲ್ಲಿಂದ ಪುಡಿ ಕೆಟ್ಟಿತು. ಕಣಗಳು ಒಂದು ದಪ್ಪ, ಒಂದು ಸಣ್ಣ. ನೀಲಿ ನೀರು ಬಿಸಿಲಲ್ಲಿ ಕುದಿಯುವಷ್ಟು ಕಾದರೂ ತಿಳಿಯಾಗಲಿಲ್ಲ. ಹೆಂಚಿನ ಮೇಲೆ ಈ ಪುಡಿ ಬಳಿಯಬೇಕೆಂದಿದ್ದ ಕಾರ್ಖಾನೆಯವರು ಮಾದರಿಗಾಗಿ ದಿನಕ್ಕೆರಡು ಸಲ ಫೋನ್ ಮಾಡುತ್ತಿದ್ದರು. ರೆಲ್ಯಾನ ತಾಳ್ಮೆ ಕೆಟ್ಟು, ಒಂಬತ್ತು ಜನರ ಎದುರಿಗೇ ಅಂದುಬಿಟ್ಟ: "ಚಿಕ್ಕಮ್ಮಂಗೆ ವಯಸ್ಸಾಯ್ತು, ಕೈ ನಡುಗ್ತಿದೆ. ಸೋಮವಾರದಿಂದ ಕೆಳಗಿನ ಉಗ್ರಾಣ ನೋಡ್ಕೊಳ್ಳಲಿ."

ಉಗ್ರಾಣ! ಮೂವತ್ತೈದು ವರ್ಷದ ಕೈಗೆ ಬೀಗದ ಗೊಂಚಲು! ದೇಸಾಂಕಾಳಿಗೆ ಅವತ್ತು ಊಟ ಸೇರಲಿಲ್ಲ. ಮನೆಯಲ್ಲಿ ಲೋಟದ ತುಂಬ ನೀರು ಹಿಡಿದು ನಿಂತು ನೋಡಿಕೊಂಡಳು. ಒಂದು ಹನಿ ಚೆಲ್ಲಲಿಲ್ಲ.

ಗುರುವಾರ ಬೆಳಿಗ್ಗೆ ಮಳೆ ಬಂದು ನಿಂತಿತ್ತು. "ನೋಡಿ, ಹೇಗೆ ಮಾಡೋದು ಅಂತ ತೋರಿಸ್ತೀನಿ," ಎಂದು ರೆಲ್ಯಾ ತಾನೇ ಹನಿ ಬಿಡಲು ನಿಂತ. ದೇಸಾಂಕಾ ಗಾಜು ತೊಳೆಯುತ್ತ ಓರೆಗಣ್ಣಲ್ಲಿ ನೋಡಿದಳು. ಹನಿ ಬೀಳುವ ಕೊಳವೆಯ ತುದಿಯಲ್ಲಿ ದ್ರಾವಣ ಗಟ್ಟಿಯಾಗಿ ಬೆಳ್ಳಗೆ ಗಡ್ಡ ಬೆಳೆಯುತ್ತಿದೆ! ಏಪ್ರಿಲ್‌ನಿಂದ ತನ್ನ ಕೊಳವೆಗೂ ಇದೇ ಗಡ್ಡ ಬರುತ್ತಿತ್ತು. ದ್ರಾವಣ ಹಳತಾಗಿದೆ ಅಂದುಕೊಂಡಿದ್ದಳು. ಇವತ್ತು ದ್ರಾವಣ ಹೊಸದು, ಕೈ ಅವನದು, ಗಡ್ಡ ಮಾತ್ರ ಅದೇ. ಹಾಗಾದರೆ ಹೊಸದಾಗಿ ಬಂದದ್ದು ಏನು?

ಒದ್ದೆ ಕೈಯಲ್ಲೇ ಓಡಿ ಹೋಗಿ ಕಿಟಕಿಗಳನ್ನೆಲ್ಲ ಧಡಧಡ ಮುಚ್ಚಿದಳು.

"ಏನ್ ಮಾಡ್ತಿದೀರಿ ಚಿಕ್ಕಮ್ಮ?"

"ನಿನ್ನ ಗಡ್ಡ ಬೋಳಿಸ್ತಿದೀನಿ! ಕೊಳವೆ ತುದಿ ನೋಡೋ ಮಾರಾಯ. ಒರೆಸಿ ಇನ್ನೊಂದ್ಸಲ ಬಿಡು."

ರೆಲ್ಯಾ ಒರೆಸಿದ, ಬಿಟ್ಟ. ಕಾಲು ಗಂಟೆಯಾದರೂ ತುದಿ ಸ್ವಚ್ಛ. ಅವನು ದಡ್ಡನಲ್ಲ, ಮುಖ ಕೆಂಪಾಯಿತು. ಆದರೂ ಪಟ್ಟು ಬಿಡದೆ, "ಎರಡು ಮಾದರಿ ಮಾಡೋಣ. ಒಂದು ಕಿಟಕಿ ತೆಗೆದು ನಾನು ಮಾಡ್ತೀನಿ, ಒಂದು ಮುಚ್ಚಿ ನೀವು ಮಾಡಿ. ನಿಮ್ಮದು ಗೆದ್ರೆ ಉಗ್ರಾಣದ ಮಾತಿಲ್ಲ," ಎಂದ. ಎರಡನ್ನೂ ಒಂದೇ ಕುಲುಮೆಯಲ್ಲಿ, ಒಂದೇ ಶಾಖದಲ್ಲಿ ಸುಟ್ಟರು.

ಶುಕ್ರವಾರ ಮಧ್ಯಾಹ್ನ ಅಂಗಳದ ಬಿಸಿಲಲ್ಲಿ ಎರಡು ಸೀಸೆ ನೀಲಿ ನೀರು, ಒಂದರಲ್ಲಿ ಅವಳ ಪುಡಿ, ಇನ್ನೊಂದರಲ್ಲಿ ಅವನದು. ಇಡೀ ವಿಭಾಗ ಕಾಫಿ ಹಿಡಿದು ಸುತ್ತ ನಿಂತಿತ್ತು. ಪಕ್ಕದ ಪ್ರಯೋಗಾಲಯದ ವುಕಿತ್ಸಾ ಒಂದು ತಟ್ಟೆ ಚೀಸ್ ಕಡುಬನ್ನು ದೇಸಾಂಕಾಳ ಸೀಸೆಯ ಮೇಲೆ ಪಣ ಕಟ್ಟಿದ್ದಳು. ಇಪ್ಪತ್ತು ನಿಮಿಷಕ್ಕೆ ಅವಳ ಸೀಸೆಯ ನೀಲಿ ತೆಳುವಾಯಿತು. ನಲವತ್ತಕ್ಕೆ ಸೀಸೆಯ ಆಚೆ ನಿಂತ ವುಕಿತ್ಸಾಳ ಮೂಗು ಕಂಡಿತು. ರೆಲ್ಯಾನದು ಹಾಗೇ ನೀಲಿ.

ಎಲ್ಲರೂ ಹೋ ಎಂದು ಕೂಗಿದರು. ರೆಲ್ಯಾ ತಲೆ ಕೆರೆದುಕೊಂಡ. "ಡ್ಯಾನ್ಯೂಬ್ ಕಡೆಯಿಂದ ತೇವದ ಗಾಳಿ ಬರ್ತಿದೆ. ಪಾತ್ರೆಗೆ ಬೀಳೋ ಮೊದ್ಲೇ ಆ ತೇವ ಹನಿಗೆ ತಗುಲಿ ಗಂಟು ಕಟ್ಟಿಸ್ತಿದೆ."

"ಗಾಳಿ ಕೆಟ್ಟದ್ದು ಅಂತ ನಾನು ಬಾಯಿ ಬಡ್ಕೊಂಡಿದ್ದು ಮತ್ತೇನು?" ಎಂದಳು ದೇಸಾಂಕಾ. ಅವಳು ಹೆದರಿದ್ದು ಕತ್ತು ಹಿಡಿಯುತ್ತದೆಂದು, ಹನಿಯ ಗತಿ ಅವಳಿಗೇನು ಗೊತ್ತಿತ್ತು? ಆದರೆ ಗೆದ್ದವಳು ಅದನ್ನೆಲ್ಲ ಒಪ್ಪಿಕೊಳ್ಳುತ್ತಾಳೆಯೆ!

ರೆಲ್ಯಾ ನಗಲಿಲ್ಲ. ಕಾಫಿ ಲೋಟ ಕೆಳಗಿಟ್ಟು ಎದುರು ಬಂದು ನಿಂತ. "ಅವತ್ತು ಇವರೆಲ್ಲರ ಮುಂದೆ ನಿಮ್ಮ ಕೈ ನಡುಗುತ್ತೆ ಅಂದೆ. ಇವರೆಲ್ಲರ ಮುಂದೇನೇ ಹೇಳ್ತೀನಿ ಚಿಕ್ಕಮ್ಮ, ತಪ್ಪು ನನ್ನದು. ಈ ಕೆಲಸ ನಿಮ್ಮದೇ."

ಅವನಿಗೆ ಅನ್ನಬೇಕೆಂದು ದೇಸಾಂಕಾ ವಾರವಿಡೀ ಖಾರದ ಮಾತುಗಳನ್ನು ಮನಸ್ಸಲ್ಲೇ ಜೋಡಿಸಿಕೊಂಡಿದ್ದಳು. ಒಂದೂ ನೆನಪಾಗಲಿಲ್ಲ. ಖುಷಿಗೆ ಕಣ್ಣು ತುಂಬಿ, ಮುಖದ ತುಂಬ ನಗು ಹರಡಿತು.

"ಇನ್ನೊಂದ್ಸಲ ಹೇಳಪ್ಪಾ," ಎಂದಳು. "ನಿಧಾನಕ್ಕೆ ಹೇಳು. ಹಿಂದೆ ನಿಂತಿರೋರಿಗೆ ಕೇಳಿಸಿಲ್ಲ."

ಅವನು ಮತ್ತೊಮ್ಮೆ ಹೇಳಿದ, ಮೊದಲಿಗಿಂತ ಜೋರಾಗಿ.